ಭೂಮಿ ದಿನದ ಫಲಕಗಳು: ಡೆನಿಸ್ ಹೇಯ್ಸ್

ಎಲ್ಲರಿಗೂ ನಮಸ್ಕಾರ. ಮೊದಲ ಭೂಮಿ ದಿನವನ್ನು ಸಂಘಟಿಸಿದ ಅಮೆರಿಕದ ಪರಿಸರ ಹೋರಾಟಗಾರ ಡೆನಿಸ್ ಹೇಯ್ಸ್ ಕುರಿತ ಏಪ್ರಿಲ್ 22ರ ಪ್ರದರ್ಶನಕ್ಕೆ ಬರೆಯಲು ಒಪ್ಪಿಕೊಂಡವರು 17ರ ಸಂಜೆ 6ರೊಳಗೆ ಬರಹವನ್ನು ಇಲ್ಲೇ ಹಾಕಿ. ಒಟ್ಟು 4 ಫಲಕ, ತಲಾ 80 ಪದ. ಅದಕ್ಕಿಂತ ಹೆಚ್ಚಾದರೆ ಅಕ್ಷರ ಚಿಕ್ಕದಾಗಿ ನಿಂತು ಓದುವವರಿಗೆ ಕಾಣುವುದಿಲ್ಲ.

1) ಕಾಗದ ಗಿರಣಿಯ ಊರು ಕ್ಯಾಮಸ್‌ನಲ್ಲಿ ಬಾಲ್ಯ, ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿ, ವಿಯೆಟ್ನಾಂ ಯುದ್ಧದ ವಿರುದ್ಧ ಹೋರಾಟ.

2) 1970ರ ಮೊದಲ ಭೂಮಿ ದಿನ. ತಪ್ಪು ನುಸುಳುವುದು ಇಲ್ಲೇ. ಆಲೋಚನೆ ಸೆನೆಟರ್ ಗೇಲಾರ್ಡ್ ನೆಲ್ಸನ್ ಅವರದು. ಅಮೆರಿಕದಾದ್ಯಂತ ಸಂಘಟಿಸಿದ್ದು 25ರ ಹರೆಯದ ಹೇಯ್ಸ್. ಹಾಗಾಗಿ ಅವರೊಬ್ಬರನ್ನೇ ‘ಸ್ಥಾಪಕ’ ಎನ್ನಬೇಡಿ. ವಸಂತದ ರಜೆ ಮುಗಿದು ವಾರ್ಷಿಕ ಪರೀಕ್ಷೆ ಶುರುವಾಗದ ಬುಧವಾರವೆಂದೇ ಆ ದಿನ ಆರಿಸಿದ್ದು, ಕಾಲೇಜುಗಳು ತುಂಬಿರುತ್ತವೆ ಎಂದು. ಇದನ್ನು ಖಂಡಿತ ಬರೆಯಿರಿ, ಸಂಘಟನೆಯ ಜಾಣ್ಮೆ ಇರುವುದೇ ಇದರಲ್ಲಿ. ಅಂದು ಪಾಲ್ಗೊಂಡವರು ‘2 ಕೋಟಿ ಜನ’ ಎಂಬುದರ ಮುಂದೆ ‘ಅಂದಾಜು’ ಸೇರಿಸಿ.

3) ಅದೇ ವರ್ಷದ ಚುನಾವಣೆ. ಪರಿಸರಕ್ಕೆ ವಿರುದ್ಧವಾಗಿ ಮತ ಹಾಕಿದ್ದ 12 ಸಂಸದರ ಪಟ್ಟಿ ಮಾಡಿ ಹೇಯ್ಸ್ ಮತ್ತು ಸಂಗಡಿಗರು ಅವರ ವಿರುದ್ಧ ಪ್ರಚಾರ ನಡೆಸಿದರು. 7 ಮಂದಿ ಸೋತರು. ಡಿಸೆಂಬರ್‌ನಲ್ಲಿ ಶುದ್ಧ ಗಾಳಿ ಕಾಯ್ದೆಗೆ ಸಹಿ ಬಿತ್ತು.

4) 1979ರಿಂದ ಸೌರಶಕ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕ, 1981ರಲ್ಲಿ ಆ ಸಂಸ್ಥೆಗೆ ರೇಗನ್ ಸರ್ಕಾರದ ಅನುದಾನ ಕಡಿತ, 2013ರಲ್ಲಿ ಹೇಯ್ಸ್ ನೇತೃತ್ವದ ಬುಲಿಟ್ ಪ್ರತಿಷ್ಠಾನ ಸಿಯಾಟಲ್‌ನಲ್ಲಿ ಕಟ್ಟಿಸಿದ ಪರಿಸರಸ್ನೇಹಿ ಕಚೇರಿ ಕಟ್ಟಡ: 6 ಮಹಡಿ, ಚಾವಣಿ ತುಂಬ ಸೌರ ಫಲಕ.

ಫೋಟೋಗಳನ್ನು ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ; ಸುಮ್ಮನೆ ಫೋಟೋ ಎಂದು ಹಾಕಿದರೆ ಕುಗ್ಗಿ, ಮುದ್ರಣದಲ್ಲಿ ಮಸುಕಾಗುತ್ತದೆ. ಯಾರಿಗೆ ಯಾವ ಫಲಕ, ಇಂದು ರಾತ್ರಿಯೊಳಗೆ ಸಂಖ್ಯೆ ಹಾಕಿ ತಿಳಿಸಿ. 2ನೆಯದಕ್ಕೆ ಇಬ್ಬರು ಬೇಕು.