ಲೀಡರ್‌ಶಿಪ್ ಪಾಠ ಮೊದಲು ಲೈನ್ ಸೂಪರ್‌ವೈಸರ್‌ಗೆ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಉದ್ಯೋಗ ಪುಟವನ್ನು ಬಿಡದೆ ಓದುತ್ತೇನೆ. ವ್ಯಕ್ತಿತ್ವ ವಿಕಸನ, ನಾಯಕತ್ವ, ಒತ್ತಡ ನಿಭಾಯಿಸುವುದು ಹೇಗೆ ಅಂತೆಲ್ಲ ಅಲ್ಲಿ ಬರುತ್ತಿರುತ್ತದೆ. ಒಳ್ಳೆಯ ವಿಷಯವೇ. ಆದರೆ ಆ ಲೇಖನಗಳಲ್ಲಿ ಕಾಣುವ ಆಫೀಸು ಯಾವಾಗಲೂ ಎಸಿ ಆಫೀಸು, ಲೀಡರ್ ಅಂದರೆ ಲ್ಯಾಪ್‌ಟಾಪ್ ಹಿಡಿದ ಮ್ಯಾನೇಜರ್. ಬೆಂಗಳೂರು, ರಾಮನಗರ, ಮಂಡ್ಯ, ಹಾಸನದ ಕಡೆ ಬೆಳಗಾಗುತ್ತಿದ್ದ ಹಾಗೆ ಬಸ್ಸು, ಟೆಂಪೊ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಲಕ್ಷಾಂತರ ಹೆಣ್ಣುಮಕ್ಕಳಿಗೂ ಒಬ್ಬ ಲೀಡರ್ ಇದ್ದಾನೆ. ಅವನೇ ಲೈನ್ ಸೂಪರ್‌ವೈಸರ್, ಅಂದರೆ ಹೊಲಿಗೆ ಮೆಷಿನ್‌ಗಳ ಒಂದು ಸಾಲನ್ನು ನೋಡಿಕೊಳ್ಳುವವನು. ಅವರ ದಿನ ಹೇಗೆ ಕಳೆಯುತ್ತದೆ ಅನ್ನುವುದು ಎಂಡಿ ಕೈಯಲ್ಲಿಲ್ಲ, ಇವನ ಬಾಯಲ್ಲಿದೆ. ಮನಶ್ಶಾಸ್ತ್ರವನ್ನು ಕೆಲಸದ ಜಾಗದಲ್ಲಿ ಬಳಸಬೇಕು ಅನ್ನುವವರು ಮೊದಲು ಇವನಿಗೆ ಕಲಿಸಬೇಕು. ಅದನ್ನು ಹೇಳಲಿಕ್ಕೇ ಈ ಪತ್ರ.

ನಾನು ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿಕೊಂಡು ಬಂದವಳು. ಚೆಕಿಂಗ್ ಟೇಬಲ್ ಹತ್ತಿರ ನಿಂತರೆ ಇಡೀ ಲೈನ್ ಕಾಣುತ್ತದೆ. ತುದಿಯಲ್ಲಿ ಒಂದು ಬೋರ್ಡ್ ಇರುತ್ತದೆ. ಈ ಗಂಟೆಗೆ ಟಾರ್ಗೆಟ್ ಎಷ್ಟು, ಬಂದಿದ್ದೆಷ್ಟು, ಆಲ್ಟರ್ (ಸರಿಮಾಡಲು ವಾಪಸ್ ಹೋದ ಪೀಸ್) ಎಷ್ಟು ಅಂತ ಗಂಟೆಗಂಟೆಗೂ ಬರೆಯುತ್ತಾರೆ. ಒಂದು ಗಂಟೆ ಪೀಸ್ ಕಡಿಮೆ ಬಂತು ಅಂದರೆ ಮುಗಿಯಿತು. "ಏನಮ್ಮಾ, ನಿದ್ದೆ ಮಾಡೋಕೆ ಮನೆ ಸಾಲಲಿಲ್ವಾ?" ಇದು ಇದ್ದುದರಲ್ಲಿ ಮರ್ಯಾದೆಯ ಮಾತು, ಪತ್ರಿಕೆಯಲ್ಲಿ ಹಾಕಲಾಗದ ಮಾತುಗಳೇ ಜಾಸ್ತಿ. ಅದೂ ಅಕ್ಕಪಕ್ಕದವರೆಲ್ಲ ಕೇಳಿಸಿಕೊಳ್ಳುವ ಹಾಗೆ. ಬೈಸಿಕೊಂಡವಳು ತಲೆ ಎತ್ತುವುದಿಲ್ಲ. ಪಕ್ಕದವಳು ಅವಳ ಕಡೆ ನೋಡುವುದಿಲ್ಲ, ನೋಡಿದರೆ ಮುಂದಿನ ಸರದಿ ಅವಳದ್ದು.

ಯಾಕಪ್ಪಾ ಹೀಗೆ ಬೈತೀಯ ಅಂತ ಕೇಳಿದರೆ ಸೂಪರ್‌ವೈಸರ್ ಬೋರ್ಡನ್ನೇ ತೋರಿಸುತ್ತಾನೆ. "ನೀವೇ ನೋಡಿ ಮೇಡಂ, ಹೋದ ಗಂಟೆ ಬೈದೆ, ಈ ಗಂಟೆ ಟಾರ್ಗೆಟ್ ಬಂತು." ಅವನು ಸುಳ್ಳು ಹೇಳುತ್ತಿಲ್ಲ. ಬೋರ್ಡಿನಲ್ಲಿ ನಿಜಕ್ಕೂ ಹಾಗೇ ಇರುತ್ತದೆ. ಇಲ್ಲೇ ಮನಶ್ಶಾಸ್ತ್ರ ಬೇಕಾಗುವುದು.

ಡೇನಿಯಲ್ ಕಾಹ್ನೆಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದರು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಹಿಂದೆ ಅವರು ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದಾಗ, ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಕೆಲಸ ಮಾಡುತ್ತದೆ ಅಂದರಂತೆ. ಒಬ್ಬ ಹಳೆಯ ತರಬೇತುದಾರ ಎದ್ದು ನಿಂತು, ಅದೆಲ್ಲ ಆಗದ ಮಾತು, ನಾನು ಹೊಗಳಿದ ಹುಡುಗ ಮುಂದಿನ ಸಲ ಕೆಡಿಸುತ್ತಾನೆ, ಬೈದವನು ಸುಧಾರಿಸುತ್ತಾನೆ ಅಂದರು. ನಮ್ಮ ಸೂಪರ್‌ವೈಸರ್ ಹೇಳುವುದೂ ಅದನ್ನೇ ಅಲ್ವಾ? ಆಗ ಕಾಹ್ನೆಮನ್ ನೆಲದ ಮೇಲೆ ಒಂದು ಗುರಿ ಗುರುತು ಮಾಡಿ, ಎಲ್ಲರಿಗೂ ಬೆನ್ನು ತಿರುಗಿಸಿ ನಿಂತು ಎರಡೆರಡು ಸಲ ನಾಣ್ಯ ಎಸೆಯಲು ಹೇಳಿದರು. ಮೊದಲ ಸಲ ಗುರಿಯ ಹತ್ತಿರ ಬಿದ್ದವರದ್ದು ಎರಡನೇ ಸಲ ಹೆಚ್ಚಾಗಿ ದೂರ ಬಿತ್ತು, ದೂರ ಬಿದ್ದವರದ್ದು ಹತ್ತಿರ ಬಂತು. ಯಾರೂ ಯಾರನ್ನೂ ಬೈದಿರಲಿಲ್ಲ. ತುಂಬ ಕೆಟ್ಟದ್ದು ಆದ ಮೇಲೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ವಾಸಿಯೇ ಆಗಿರುತ್ತದೆ. ನಾವು ಆ ನಡುವೆ ಬೈದಿರುವುದರಿಂದ ಬೈಗುಳಕ್ಕೆ ಸುಮ್ನೆ ಹೆಸರು ಬರುತ್ತದೆ.

ಲೈನಿನಲ್ಲಿ ಆಗುವುದೂ ಹೀಗೇ. ಕಟಿಂಗ್ ವಿಭಾಗದಿಂದ ಕತ್ತರಿಸಿದ ಬಟ್ಟೆಯ ಬಂಡಲ್ ತಡವಾಗಿ ಬಂತು. ಕಾಲರ್ ಕೂಡಿಸುವ ಮೆಷಿನ್‌ನಲ್ಲಿ ದಾರ ಕಿತ್ತು ಕಿತ್ತು ಹೋಯಿತು, ಮೆಕ್ಯಾನಿಕ್ ಬೇರೆ ಲೈನಿನಲ್ಲಿದ್ದ. ಹೆಲ್ಪರ್ ಬಂದಿಲ್ಲ. ಆ ಗಂಟೆ ಪೀಸ್ ಬೀಳುತ್ತದೆ. ಮೆಕ್ಯಾನಿಕ್ ಬಂದು ಮೆಷಿನ್ ಸರಿ ಮಾಡಿದ ಮೇಲೆ ಮುಂದಿನ ಗಂಟೆ ತಾನಾಗಿಯೇ ಏರುತ್ತದೆ. ಈ ಒಂದು ವಿಷಯವನ್ನು ಪ್ರತಿ ಸೂಪರ್‌ವೈಸರ್‌ಗೂ ಅವನದೇ ಬೋರ್ಡಿನ ಒಂದು ತಿಂಗಳ ಲೆಕ್ಕ ಇಟ್ಟು ತೋರಿಸಬೇಕು. ಬೈದ ಗಂಟೆ, ಬೈಯದ ಗಂಟೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಭಾಷಣ ಬೇಡ, ಅವನಿಗೆ ಲೆಕ್ಕ ಚೆನ್ನಾಗಿಯೇ ಗೊತ್ತು.

ಬೈಗುಳದಿಂದ ಲಾಭವಿಲ್ಲ ಅನ್ನುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಷ್ಟ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಸೂಜಿ ಮುರಿಯುವ ವಿಚಾರವನ್ನೇ ತೆಗೆದುಕೊಳ್ಳಿ. ಮೆಷಿನ್ ಸೂಜಿ ಮುರಿದರೆ ಟೈಲರ್ ತಕ್ಷಣ ಕೆಲಸ ನಿಲ್ಲಿಸಿ ಹೇಳಬೇಕು. ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ಟೇಪ್ ಹಾಕಿ ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೇ ಹೊಸ ಸೂಜಿ. ಮೊನೆ ಸಿಗಲಿಲ್ಲ ಅಂದರೆ ಆ ಬಂಡಲ್ ಪೂರ್ತಿ ಬೇರೆ ಇಟ್ಟು ಹುಡುಕಬೇಕು. ಮಕ್ಕಳ ಬಟ್ಟೆಯೊಳಗೆ ಸೂಜಿಯ ಮೊನೆ ಉಳಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆಲ್ಲ ಹೊತ್ತು ಬೇಕು, ಆ ಹೊತ್ತಿಗೆ ಪೀಸ್ ಬೀಳುತ್ತದೆ, ಪೀಸ್ ಬಿದ್ದರೆ ಬೈಗುಳ. ಹಾಗಾಗಿ ಹೆದರಿದ ಹುಡುಗಿ ಏನು ಮಾಡುತ್ತಾಳೆ? ಸಿಕ್ಕಷ್ಟು ಚೂರು ಕೊಟ್ಟು ಸುಮ್ಮನಾಗುತ್ತಾಳೆ, ಇಲ್ಲ ಹೇಳುವುದೇ ಇಲ್ಲ. ಕೊನೆಯಲ್ಲಿ ಮೆಟಲ್ ಡಿಟೆಕ್ಟರ್ ಇದೆ, ನಿಜ. ಆದರೆ ಮೊದಲ ಕಾವಲು ಮೆಷಿನ್ ಮುಂದೆ ಕೂತ ಹೆಂಗಸಿನ ಬಾಯಿ. ಅದನ್ನೇ ಮುಚ್ಚಿಸಿದರೆ ಹೇಗೆ?

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಇದನ್ನೇ ಕಂಡರು. ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದಾಗ, ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ನರ್ಸ್‌ಗಳ ತಂಡದಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಇದಕ್ಕೆ ಈಗ ಮಾನಸಿಕ ಸುರಕ್ಷತೆ ಅನ್ನುತ್ತಾರೆ, ಐಟಿ ಕಂಪನಿಗಳಲ್ಲಿ ಇದರ ಬಗ್ಗೆ ಟ್ರೈನಿಂಗ್ ಮೇಲೆ ಟ್ರೈನಿಂಗ್ ನಡೆಯುತ್ತದೆ. ಗಾರ್ಮೆಂಟ್ ಲೈನಿನಲ್ಲಿ ಸೂಜಿ ರಿಜಿಸ್ಟರ್ ವಾರಗಟ್ಟಲೆ ಖಾಲಿ ಇದ್ದರೆ ಆಡಿಟ್‌ಗೆ ಬಂದವರು ಖುಷಿಪಡಬಾರದು, ವಿಚಾರಿಸಬೇಕು.

ಇದೆಲ್ಲ ಓದಿದವರಿಗೆ, ಟೈಲರ್‌ಗಳಿಗೆ ಯಾಕೆ ಅನ್ನುವವರೂ ಇದ್ದಾರೆ. ಅವರಿಗೆ ನಮ್ಮ ಬೆಂಗಳೂರಿನದೇ ಉತ್ತರ ಇದೆ. ಇಲ್ಲಿನ ಐದು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಒಂದು ಅಧ್ಯಯನ ಮಾಡಿದರು. ಮಾತಾಡುವುದು, ಹೊತ್ತು ಹೊಂದಿಸಿಕೊಳ್ಳುವುದು, ಸಮಸ್ಯೆ ಬಂದಾಗ ಯೋಚಿಸಿ ತೀರ್ಮಾನ ಮಾಡುವುದು, ದುಡ್ಡಿನ ಲೆಕ್ಕ, ಇವನ್ನೆಲ್ಲ ಸುಮಾರು 80 ಗಂಟೆ ಕಲಿಸುವ ತರಬೇತಿ ಅದು. ಬರುತ್ತೇವೆ ಅಂದ ಹೆಣ್ಣುಮಕ್ಕಳಲ್ಲಿ ಯಾರಿಗೆ ತರಬೇತಿ ಅಂತ ಲಾಟರಿ ಎತ್ತಿ ಆರಿಸಿದರು, ಹಾಗಾಗಿ ಹೋಲಿಕೆ ನಂಬುವಂಥದ್ದು. ಕಲಿತವರ ಉತ್ಪಾದಕತೆ ಶೇ 13ಕ್ಕಿಂತ ಜಾಸ್ತಿ ಏರಿತು. ಅದೇ ಲೈನಿನಲ್ಲಿದ್ದ, ತರಬೇತಿ ಸಿಗದವರ ಕೆಲಸವೂ ಸುಧಾರಿಸಿತು. ಹೊಲಿಗೆ ಕಲಿಸಿರಲಿಲ್ಲ ಅನ್ನುವುದನ್ನು ಗಮನಿಸಿ. ಆದರೆ ಅವರ ಸಂಬಳ ಏರಿದ್ದು ಶೇ 1ರಷ್ಟೂ ಅಲ್ಲ. ಇದು ನನಗೆ ಹೊಟ್ಟೆ ಉರಿಸುವ ವಿಷಯ. ಹೆಣ್ಣುಮಕ್ಕಳು ಬೆಳೆದರೆ ಆ ಲಾಭ ಪೂರ್ತಿ ಕಂಪನಿಗೇ ಹೋಗಬೇಕಾ? ವ್ಯಕ್ತಿತ್ವ ವಿಕಸನದ ಬಗ್ಗೆ ಬರೆಯುವವರು ಈ ಪ್ರಶ್ನೆಯನ್ನೂ ಕೇಳಬೇಕು.

ಇದೇ ಗುಂಪಿನ ಸಂಶೋಧಕರಿದ್ದ ಇನ್ನೊಂದು ಅಧ್ಯಯನ ಭಾರತದ ಒಂದು ದೊಡ್ಡ ಗಾರ್ಮೆಂಟ್ ಕಂಪನಿಯಲ್ಲಿ ನಡೆಯಿತು. ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆ ಬಂದು ಎಲ್ಲರೂ ಬೇಸರದಲ್ಲಿದ್ದಾಗ ಕೆಲವರಿಗೆ ಮಾತ್ರ, ಹೆಸರು ಹೇಳದೆ, ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ ಅನ್ನಿಸಿದ್ದನ್ನು ಹೇಳಲು ಅವಕಾಶ ಕೊಟ್ಟರು. ಹಾಗೆ ಹೇಳಿಕೊಂಡವರಲ್ಲಿ ಕೆಲಸ ಬಿಡುವುದು ಶೇ 20ರಷ್ಟು ಕಡಿಮೆಯಾಯಿತು. ಕೇಳಿದ್ದಕ್ಕೇ ಇಷ್ಟು.

ಮಧ್ಯದಲ್ಲಿ ಇನ್ನೊಂದು ಮಾತು. "ಈ ಹೆಂಗಸರಿಗೆ ಮಾತಾಡೋಕೆ ಧೈರ್ಯ ಇಲ್ಲ, ಕಾನ್ಫಿಡೆನ್ಸ್ ಬೆಳೆಸಬೇಕು" ಅಂತ ಎಚ್‌ಆರ್‌ನವರು ಹೇಳುತ್ತಿರುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದಾಗ ಹೊಸೂರು ರಸ್ತೆಯಲ್ಲಿ, ಪೀಣ್ಯದಲ್ಲಿ ಬೀದಿಗಿಳಿದವರು ಇದೇ ಹೆಂಗಸರು. ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಧೈರ್ಯಕ್ಕೇನೂ ಕೊರತೆ ಇಲ್ಲ. ಲೈನಿನಲ್ಲಿ ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತು, ಅಷ್ಟೇ.

ಸೂಪರ್‌ವೈಸರ್‌ಗಳನ್ನೇ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಲ್ಲಿ ಬಹಳ ಜನ ನಿನ್ನೆಯವರೆಗೆ ಟೈಲರ್ ಆಗಿದ್ದವರು. ಕೈ ಚುರುಕು, ಹೊಲಿಗೆಯ ಎಲ್ಲ ಆಪರೇಷನ್ ಬರುತ್ತದೆ ಅಂತ ಮೇಲೆ ಹಾಕಿರುತ್ತಾರೆ. ಜನರ ಜೊತೆ ಕೆಲಸ ಮಾಡಿಸುವುದು ಬೇರೆಯೇ ವಿದ್ಯೆ, ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಶಿಪ್‌ಮೆಂಟ್ ತಡವಾದರೆ ಪ್ರೊಡಕ್ಷನ್ ಮ್ಯಾನೇಜರ್ ಇವನನ್ನು ಬೈಯುತ್ತಾರೆ, ಅದೇ ಮಾತು, ಅದೇ ದನಿಯಲ್ಲಿ ಇವನು ಕೆಳಗೆ ದಾಟಿಸುತ್ತಾನೆ. ಆದ್ದರಿಂದ ತರಬೇತಿ ಸೂಪರ್‌ವೈಸರ್‌ಗೆ ನಿಲ್ಲಬಾರದು, ಮ್ಯಾನೇಜರ್‌ಗೂ ಆಗಬೇಕು.

ಕಂಪನಿಗಳು ಏನು ಮಾಡಬಹುದು? ಸೂಪರ್‌ವೈಸರ್ ಮಾಡುವ ಮೊದಲೇ ತರಬೇತಿ ಕೊಡಲಿ. ಪೀಸ್ ಬಿದ್ದಾಗ ಮೊದಲ ಮಾತು "ಏನಾಯ್ತಮ್ಮ?" ಅಂತ ಇರಲಿ, ತಿದ್ದುವುದಿದ್ದರೆ ಪಕ್ಕಕ್ಕೆ ಕರೆದು ತಿದ್ದಲಿ. ಸೂಜಿ ಮುರಿದು ಬಂದು ಹೇಳಿದ ಗಂಟೆಯ ಟಾರ್ಗೆಟ್ ಕಡಿಮೆ ಮಾಡಲಿ, ಇದಕ್ಕೆ ನಯಾಪೈಸೆ ಖರ್ಚಿಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು ಅಂತ ಕಾನೂನೇ ಇದೆ. ಅದರಲ್ಲಿ ಯಾರಿದ್ದಾರೆ, ಯಾವಾಗ ಸಭೆ ಸೇರುತ್ತಾರೆ ಅಂತ ಕ್ಯಾಂಟೀನ್ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ. ಮಹಿಳಾ ದಿನಾಚರಣೆಗೆ ಭಾಷಣಕಾರರನ್ನು ಕರೆಸಿ, ಹೂ ಕೊಟ್ಟು, ಫೋಟೊ ತೆಗೆಸಿಕೊಂಡರೆ ಇದ್ಯಾವುದೂ ಆಗುವುದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಉದ್ಯೋಗ ಪುಟದಲ್ಲಿ ಕೆಲವು ವಾರ ಗಾರ್ಮೆಂಟ್ಸ್ ಲೈನಿನ ಸೂಪರ್‌ವೈಸರ್‌ಗಳಿಗೇ ಅಂತ ಬರೆಸಿ. ನಿಮ್ಹಾನ್ಸ್ ಇರುವ ಊರು ಇದು, ಮನಶ್ಶಾಸ್ತ್ರ ಬಲ್ಲವರಿಗೆ ಬರವಿಲ್ಲ. ಅವರನ್ನು ಒಂದು ದಿನ ಶಾಪ್ ಫ್ಲೋರ್‌ಗೆ ಕರೆದುಕೊಂಡು ಹೋಗಿ, ಟೈಲರ್‌ಗಳನ್ನೂ ಮಾತಾಡಿಸಿ, ಆಮೇಲೆ ಬರೆಯಲಿ. ನಾನು ಇನ್ನೂ ಇದೇ ಕ್ಷೇತ್ರದಲ್ಲಿ ದುಡಿಯುತ್ತಿರುವುದರಿಂದ ದಯವಿಟ್ಟು ಹೆಸರು ಹಾಕಬೇಡಿ.

ಇಂತಿ,
ಗಾರ್ಮೆಂಟ್ಸ್ ಕ್ವಾಲಿಟಿ ವಿಭಾಗದ ಓದುಗರೊಬ್ಬರು, ಬೆಂಗಳೂರು