ಮಗಳಿಗೊಂದು ಪತ್ರ: ಸೋತ ಕೋಳಿ ಗೆದ್ದವನ ಪಾಲು

ಉಡುಪಿ
ಭಾನುವಾರ

ಪ್ರೀತಿಯ ಮಗಾ,

ಬೆಂಗಳೂರು ಬಸ್ಸು ಹತ್ತುವಾಗಲೂ ನೀನು ಮಾತಾಡಲಿಲ್ಲ. ನಿನ್ನ ಕಾರ್ಟೂನ್ ಕಥೆ ನೋಡಿ ನಾನು ನಗಲಿಲ್ಲ ಅಂತ ಸಿಟ್ಟು, ಅಲ್ವಾ? ನಿನಗೆ ಬೇಜಾರಾಗಿದ್ದರೆ ಕ್ಷಮಿಸು. ಆದರೆ ಅದು ನಗುವ ವಿಷಯ ಅಲ್ಲ ಅಂತ ನಾನು ಹೇಳಿದ್ದು ಹೇಳಿದ್ದೇ.

ನಿನ್ನ ಕಥೆಯಲ್ಲಿ ಉಲಾಯಿ-ಪಿದಾಯಿ ಅನ್ನುವ ಇಸ್ಪೀಟು ಜೂಜು ಆಡಿ ಸಂಬಳ ಕಳೆದುಕೊಂಡು ಅಪ್ಪ ಮನೆಗೆ ಬರುತ್ತಾನೆ, ಎಲ್ಲರೂ ನಗುತ್ತಾರೆ. ಅಮೆರಿಕದ ಕಾರ್ಟೂನ್ ಧಾರಾವಾಹಿ 'ಸಿಂಪ್ಸನ್ಸ್'ನಲ್ಲೂ ಹೀಗೇ ಇದೆ ಅಂದೆ. ಹೌದು, ನೀನೇ ತೋರಿಸಿದ್ದೆ. 1989ರ ಮೊದಲ ಕಂತಿನಲ್ಲೇ ಆ ಮನೆಯ ಅಪ್ಪ ಹೋಮರ್ ಸಾಂತಾ ವೇಷ ಹಾಕಿ ದುಡಿದ 13 ಡಾಲರನ್ನು ನಾಯಿ ರೇಸಿಗೆ ಕಟ್ಟುತ್ತಾನೆ. ಆ ನಾಯಿ ಎಲ್ಲರಿಗಿಂತ ಹಿಂದೆ. ಯಜಮಾನ ಓಡಿಸಿದ ಅದೇ ನಾಯಿಯನ್ನು ಮನೆಗೆ ತರುತ್ತಾನೆ, ಮಕ್ಕಳಿಗೆ ಖುಷಿಯೋ ಖುಷಿ.

ನಮ್ಮಲ್ಲಿ ಹಾಗಾಗಲಿಲ್ಲ ಮಗಾ. ಕೋಳಿ ಅಂಕದಲ್ಲಿ, ಅಂದರೆ ಕೋಳಿ ಕಾಳಗದಲ್ಲಿ, ಸೋತ ಕೋಳಿ ಗೆದ್ದವನ ಪಾಲು. ನಿನ್ನ ಅಜ್ಜ ಹುಂಜ ಹಿಡಿದು ಹೊರಟರೆ ಸಂಜೆ ಅಜ್ಜಿಯ ಕಣ್ಣು ಅಂಗಳದ ಬಾಗಿಲು ದಣಪೆಯ ಮೇಲೆ. ಅಜ್ಜನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕೈ ಖಾಲಿ ಅಂದರೆ ಮರುದಿನ ಅಂಗಡಿಯಲ್ಲಿ ಸಾಲ ಕೇಳಲು ನಾನು ಹೋಗಬೇಕು. ಎರಡು ಕೋಳಿ ತಂದ ದಿನ ಅಜ್ಜಿಗೆ ಇನ್ನೂ ಹೆದರಿಕೆ ಜಾಸ್ತಿ. ಗೆದ್ದವರು ಮುಂದಿನ ಅಂಕಕ್ಕೆ ಹೋಗದೆ ಇರುತ್ತಾರಾ? ಆ ದಿನ ನಮಗೆಲ್ಲ ಕೋರಿ ರೊಟ್ಟಿ ಬಡಿಸಿ ಅವರು ಮಾತ್ರ ಗಂಜಿ ಉಣ್ಣುತ್ತಿದ್ದರು.

ಕಾರ್ಟೂನಿನಲ್ಲಿ ಮುಂದಿನ ವಾರಕ್ಕೆ ಎಲ್ಲ ಮೊದಲಿನ ಹಾಗೆ. ಅಂಗಡಿಯ ಲೆಕ್ಕದ ಪುಸ್ತಕ ಹಾಗಲ್ಲ. 'ಸಿಂಪ್ಸನ್ಸ್'ನ 1993ರ ಕ್ಯಾಸಿನೋ ಕಂತು ನನಗೆ ಇಷ್ಟವಾದದ್ದು ಅದಕ್ಕೇ. ಅಲ್ಲಿ ಚಟ ಹತ್ತುವುದು ತಾಯಿಗೆ. ಜೂಜಿನ ಯಂತ್ರದ ಮುಂದೆ ಕೂತ ಮಾರ್ಜ್‌ಗೆ ಮಗಳು ಲೀಸಾಳ ವೇಷ ಹೊಲಿಯುವುದೇ ಮರೆತುಹೋಗುತ್ತದೆ. ನಗು ಬರುತ್ತದೆ, ಆ ಹುಡುಗಿಯ ಬೇಸರವೂ ಕಾಣುತ್ತದೆ. ನಿನ್ನ ಕಥೆಯಲ್ಲಿ ಹೆಂಡತಿ ಇದ್ದಾಳೆ, ಅವಳ ಬಾಯಲ್ಲಿ ಒಂದು ಮಾತೂ ಇಲ್ಲ.

ಇನ್ನೊಂದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಕಾನೂನು ಬಂದಿದೆ. ಆದರೂ ರೂಮಿನಲ್ಲಿ ಯಾರಾದರೂ ಸುಮ್ನೆ ನೂರು ರೂಪಾಯಿ ಹಾಕು ಅಂದರೆ ಎದ್ದು ಹೋಗು. ಅದಕ್ಕೆಂದು ಸಾಲ ಕೇಳಿದರೂ ಕೊಡಬೇಡ. ಸಂಬಳ ಬಂದ ದಿನವೇ ಸ್ವಲ್ಪ ಬೇರೆ ಖಾತೆಗೆ ಹಾಕಿಡು. ರಾತ್ರಿ ಊಟ ಬಿಡಬೇಡ.

ನೀನು ಬಿಡಿಸಿದ ಆ ಅಪ್ಪನ ನಡಿಗೆ ಥೇಟ್ ಅಜ್ಜನದ್ದೇ. ನೀನು ಅವರನ್ನು ನೋಡಿದ್ದೇ ಇಲ್ಲ, ಎಲ್ಲಿಂದ ಬಂತೋ ನಿನ್ನ ಕೈಗೆ! ಅದಕ್ಕೇ ನನಗೆ ನಗಲು ಆಗಲಿಲ್ಲ ಮಗಾ. ಇಷ್ಟು ಚೆನ್ನಾಗಿ ಬಿಡಿಸುವವಳು ಆ ಹೆಂಡತಿಯಿಂದಲೂ ನಾಲ್ಕು ಮಾತು ಆಡಿಸು. ಏನು ಆಡಿಸಬೇಕು ಅಂತ ತೋಚದಿದ್ದರೆ ಫೋನ್ ಮಾಡು. ಅಜ್ಜಿ ಹೇಳುತ್ತಿದ್ದದ್ದೆಲ್ಲ ನನಗೆ ನೆನಪಿದೆ.

ನಿನ್ನ ಅಮ್ಮ