ಮೂರು ಸೆಂಟಿನ ಮನೆಯಿಂದ ಒಂದು ಪತ್ರ

ಪ್ರೀತಿಯ ಗೆಳೆಯಾ,

ಕೊನೆಗೂ ಮನೆ ತೆಗೆದುಕೊಂಡೆ ಮಾರಾಯ. ಮಧೂರಿನ ಕಡೆ ನೋಡಿದ ಹತ್ತು ಸೆಂಟು ಅಲ್ಲ, ವಿದ್ಯಾನಗರದ ಟೆರೇಸ್ ಮನೆಯೂ ಅಲ್ಲ. ಕಾಸರಗೋಡು ಪೇಟೆಯ ಒಳಗೇ, ಹಳೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ, ಒಂದು ಓಣಿಯಲ್ಲಿ. ಮೂರು ಸೆಂಟು ಜಾಗ, ಅದರಲ್ಲೊಂದು ಕೆಂಪುಕಲ್ಲಿನ ಹಂಚಿನ ಮನೆ. "ಅಷ್ಟು ಜಾಗದಲ್ಲಿ ಅಡಿಕೆ ಒಣಗಿಸಲಿಕ್ಕೂ ಆಗುವುದಿಲ್ಲ" ಎಂದು ಫೋನಿನಲ್ಲಿ ನಕ್ಕೆಯಲ್ಲ, ನನ್ನಲ್ಲಿ ಒಣಗಿಸಲು ಅಡಿಕೆ ಎಲ್ಲಿ ಉಂಟು?

ಲೆಕ್ಕ ಹಾಕಿ ನೋಡು. ಒಂದು ಸೆಂಟು ಅಂದರೆ 435.6 ಚದರ ಅಡಿ. ಮೂರು ಸೆಂಟಿಗೆ 1,300 ದಾಟುತ್ತದೆ. ನಿನ್ನ ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿಗಿಂತ ನೂರಡಿ ಜಾಸ್ತಿಯೇ ಆಯಿತು! ಅಲ್ಲಿ ಅಷ್ಟಿದ್ದವನನ್ನು ಶ್ರೀಮಂತ ಅನ್ನುತ್ತಾರೆ. ಇಲ್ಲಿ ನಮ್ಮ ನೆಂಟರು "ಪಾಪ" ಅನ್ನುತ್ತಾರೆ.

ಅಮ್ಮನ ಮೊಣಕಾಲು ನಿನಗೆ ಗೊತ್ತುಂಟು. ಊರಿನ ಮನೆಯಿಂದ ಬಸ್ಸಿಗೆ ಗುಡ್ಡ ಇಳಿಯಬೇಕಿತ್ತು. ಇಲ್ಲಿ ಜನರಲ್ ಆಸ್ಪತ್ರೆ, ಮಲ್ಲಿಕಾರ್ಜುನ ದೇವಸ್ಥಾನ, ಮೀನು ಮಾರ್ಕೆಟ್ ಎಲ್ಲವೂ ನಡೆಯುವ ದೂರ. ಗಾಳಿ ತಿರುಗಿದ ದಿನ ಮಾರ್ಕೆಟ್ಟಿನ ವಾಸನೆ ಸೀದಾ ಅಡುಗೆಮನೆಗೆ ಬರುತ್ತದೆ. ನನಗೆ ತಲೆನೋವು. ಅಮ್ಮ ಮಾತ್ರ "ಇವತ್ತು ಬಂಗುಡೆ ಬಂದಿದೆ" ಎಂದು ಚೀಲ ಹಿಡಿದು ಹೊರಡುತ್ತಾರೆ.

ಈಗ ಅಸಲು ಕಥೆ ಹೇಳುತ್ತೇನೆ. ವಕೀಲರು ಮುನ್ನಾಧಾರ ತರಲು ಹೇಳಿದರು. ಇಲ್ಲಿ ಆಧಾರ ಅಂದರೆ ಕ್ರಯಪತ್ರ, ಮುನ್ನಾಧಾರ ಅಂದರೆ ಅದರ ಹಿಂದಿನ ಪತ್ರಗಳು. ಮಾರುವವರು ಒಂದು ತಗಡಿನ ಪೆಟ್ಟಿಗೆ ತಂದು ಎದುರಿಗಿಟ್ಟರು. 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲಿನ ಕಾಗದ ಎಲ್ಲ ಮಲಯಾಳ. ತೆಗೆಯುತ್ತಾ ಹೋದ ಹಾಗೆ ಅಡಿಯಲ್ಲಿ ಒಂದು ಹಳೆಯ ಆಧಾರ, 1938ರದ್ದು. ಆಗ ನಾವು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯವರಲ್ವಾ. ಇಡೀ ಕಾಗದ ಕನ್ನಡದಲ್ಲಿ, ಒಂದೇ ಒತ್ತಿಗೆ ಬರೆದ ಕೂಡಕ್ಷರ. ವಕೀಲರು ಕಣ್ಣೂರಿನ ಕಡೆಯವರು. ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು. ಆಧಾರ ಬರೆಯುವ ಹುಡುಗನಿಗೂ ಓದಲು ಬರಲಿಲ್ಲ.

ನಾನು ಓದಿದೆ. ಎರಡು ಸಂಜೆ ಹಿಡಿಯಿತು. ಮೂಡು, ತೆಂಕು, ಪಡು, ಬಡಗು ಎಂದು ನಾಲ್ಕು ಗಡಿ. ತೆಂಕಿಗೆ "ದೊಡ್ಡ ಹಲಸಿನ ಮರ". ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ನಡುವೆ ಒಂದು ಪದ ಕಂಡು ನಿಂತೆ: ಮೂಲಗೇಣಿ. ಅಂದರೆ ಈ ಮನೆಯವರು ಜಾಗದ ಒಡೆಯರೇ ಅಲ್ಲ, ವರ್ಷವರ್ಷ ಗೇಣಿ ಕೊಡಬೇಕಾದ ಶಾಶ್ವತ ಒಕ್ಕಲು. ಎದೆ ಧಸಕ್ ಎಂದಿತು. ಮುಂಗಡ ಕೊಟ್ಟಾಗಿತ್ತು.

ವಕೀಲರು ಸಮಾಧಾನ ಹೇಳಿದರು. ಕೇರಳದ ಭೂಸುಧಾರಣಾ ಕಾಯ್ದೆಯಲ್ಲಿ ಮೂಲಗೇಣಿಯ ಹೆಸರೇ ಉಂಟಂತೆ. 1970ರ ಜನವರಿ 1ಕ್ಕೆ ಒಡೆಯರ ಹಕ್ಕು ಸರ್ಕಾರಕ್ಕೆ ಹೋಯಿತು, ಒಕ್ಕಲಿನವರು ಲ್ಯಾಂಡ್ ಟ್ರಿಬ್ಯೂನಲ್ಲಿನಲ್ಲಿ ಅರ್ಜಿ ಹಾಕಿ ತಮ್ಮ ಹೆಸರಿಗೆ ಪಟ್ಟಯ, ಅಂದರೆ ಹಕ್ಕುಪತ್ರ, ಮಾಡಿಸಿಕೊಂಡರು. ಆ ಪಟ್ಟಯ ಇದ್ದರೆ ಆಯಿತು. ಆದರೆ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಮಾರುವವರ ಅತ್ತಿಗೆಯ ಗೋದ್ರೆಜಿನಲ್ಲಿ, ಮದುವೆಯ ಆಲ್ಬಮ್ಮಿನ ಒಳಗೆ ಸಿಕ್ಕಿತು. ಮೂರು ವಾರ ನಿದ್ದೆ ಇರಲಿಲ್ಲ ನನಗೆ. ನಾವು ಕನ್ನಡ ಮೀಡಿಯಮ್ಮಿನಲ್ಲಿ ಓದಿದ್ದಕ್ಕೆ ಎಷ್ಟು ಜನ ನಕ್ಕಿದ್ದರು, ನೆನಪುಂಟಾ? ಆ ಓದು ಮೊದಲ ಸಲ ನನಗೆ ಲಕ್ಷಗಟ್ಟಲೆ ಲಾಭ ತಂದದ್ದು ಇಲ್ಲಿ. ಯಾಕೆ ಅಂದರೆ ಅದೇ ಹಳೆ ಕಾಗದದಲ್ಲಿ "ಪಡುಗಡೆಯ ನಡೆದಾರಿಯ ಹಕ್ಕು ಸಹಿತ" ಎಂದೂ ಇತ್ತು. ಆಮೇಲಿನ ಮಲಯಾಳ ಆಧಾರಗಳಲ್ಲಿ ಆ ಸಾಲು ಬಿಟ್ಟುಹೋಗಿತ್ತು. ದಾರಿ ಇಲ್ಲದ ಮನೆ ತೆಗೆದುಕೊಂಡು ಎಂತ ಮಾಡುವುದು, ಹೇಳು. ಹೊಸ ಆಧಾರದಲ್ಲಿ ಅದನ್ನು ಮತ್ತೆ ಸೇರಿಸಿದೆವು, ಪಕ್ಕದ ಮನೆಯವರೂ ತಕರಾರಿಲ್ಲದೆ ಒಪ್ಪಿದರು. ದಾರಿಯ ಅಗಲ ಐದಡಿ. ಒಂದು ಬ್ಯಾಂಕಿನವರು ಇದೇ ಕಾರಣಕ್ಕೆ ಸಾಲ ಇಲ್ಲ ಎಂದರು. ಕಾರು ಬಾರದ ಮನೆ ಅವರ ಲೆಕ್ಕದಲ್ಲಿ ಮನೆಯೇ ಅಲ್ಲ. ಕಡೆಗೆ ಚಿಟ್ಟಿ ಎತ್ತಿದೆ, ಅಮ್ಮನ ಎರಡು ಬಳೆ ಮಾರಿದೆ.

ಇಲ್ಲಿ ರಿಜಿಸ್ಟ್ರಿ ಖರ್ಚು ಜಾಸ್ತಿ. ಸ್ಟ್ಯಾಂಪ್ ಡ್ಯೂಟಿ 8, ಫೀಸು 2, ಒಟ್ಟು ನೂರಕ್ಕೆ ಹತ್ತು. ಬೆಲೆ ಮಾತಾಡುವಾಗಲೇ ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು, ನಾನು ಇಟ್ಟುಕೊಂಡಿರಲಿಲ್ಲ. ಆಮೇಲೆ ವಿಲೇಜ್ ಆಫೀಸಿನಲ್ಲಿ ಪೋಕ್ಕುವರವ್, ಅಂದರೆ ಖಾತೆ ಬದಲಾವಣೆ, ಆಗಿ ನನ್ನ ಹೆಸರಿನಲ್ಲಿ ಕರ ಕಟ್ಟಿದ ರಶೀದಿ ಬಂತು.

ನೀನು ನೀರಿನ ವಿಷಯ ಕೇಳಿದ್ದೆ. ನಾವು ಕಾಲೇಜಿಗೆ ಹೋಗುವಾಗ ಬೇಸಿಗೆಯಲ್ಲಿ ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತಲ್ಲ, ಸಮುದ್ರದ ನೀರು ಹೊಳೆಯಲ್ಲಿ ಮೇಲೇರಿ? ಬಾವಿಕ್ಕರದಲ್ಲಿ ವರ್ಷವರ್ಷ ಮರಳು ಚೀಲದ ಒಡ್ಡು ಹಾಕುತ್ತಿದ್ದರು. ಈಗ ಅಲ್ಲಿ ಕಾಯಂ ತಡೆಗೋಡೆ ಆಗಿದೆ. ಈ ಬೇಸಿಗೆಯಲ್ಲಿ ಚಹಾ ಚಹಾದ ರುಚಿಯೇ ಕೊಟ್ಟಿತು. ಅಂಗಳದಲ್ಲೊಂದು ಬಾವಿಯೂ ಉಂಟು, ಗೋಡೆಗೆ ತಾಗಿಕೊಂಡು. ಅರ್ಧ ನಮಗೆ, ಅರ್ಧ ಪಕ್ಕದ ಮನೆಗೆ. ನಡುವೆ ಗೋಡೆ ಎದ್ದಿದೆ, ಎರಡು ಕಡೆಯಿಂದಲೂ ರಾಟೆ.

ಪಕ್ಕದ ಮನೆಯಲ್ಲಿ ಒಬ್ಬರು ಉಮ್ಮ (ಮುಸ್ಲಿಂ ಮನೆಯ ತಾಯಿ) ಇದ್ದಾರೆ. ಅವರ ಕುಕ್ಕರಿನ ಸೀಟಿ ನಮ್ಮ ಅಡುಗೆಮನೆಯದ್ದೇ ಎಂದು ಅಮ್ಮ ಎರಡು ಸಲ ಗ್ಯಾಸ್ ಆರಿಸಿದ್ದಾರೆ. ಅವರು ಮಲಯಾಳದಲ್ಲಿ ಕೇಳುತ್ತಾರೆ, ಅಮ್ಮ ತುಳುವಿನಲ್ಲಿ ಉತ್ತರ ಕೊಡುತ್ತಾರೆ, ಬಾವಿಯ ಮೇಲಿನ ಗೋಡೆಯ ಆಚೆಯಿಂದ ಅಕ್ಕಿರೊಟ್ಟಿಯಂಥ ಪತ್ತಿರಿಯೂ ಈಚೆಯಿಂದ ನೀರುದೋಸೆಯೂ ದಾಟುತ್ತವೆ. ರಹಸ್ಯ ಮಾತ್ರ ಇಲ್ಲಿ ಸಾಧ್ಯವಿಲ್ಲ. ಮೊನ್ನೆ ನಾನು ಫೋನಿನಲ್ಲಿ ಯಾರಿಗೋ ಬೈದದ್ದಕ್ಕೆ ಮರುದಿನ ಉಮ್ಮ ನನ್ನ ಬಿ.ಪಿ. ವಿಚಾರಿಸಿದರು. ಒಮ್ಮೊಮ್ಮೆ ಉಸಿರು ಕಟ್ಟುತ್ತದೆ, ಸುಳ್ಳು ಯಾಕೆ ಹೇಳಲಿ. ಆವಾಗ ಚಪ್ಪಲಿ ಮೆಟ್ಟಿ ನೆಲ್ಲಿಕುಂಜೆಯ ಕಡಲಿಗೆ ನಡೆದು ಹೋಗುತ್ತೇನೆ.

ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು. ಹಿಂದಿನ ಕೋಣೆಯಲ್ಲಿ ಮೂರು ಕಡೆ ಸೋರುತ್ತದೆ. ಅದು ನೀನು ಬಂದರೆ ಮಲಗುವ ಕೋಣೆ.

ಬರುವಾಗ ಕಾರು ತರಬೇಡ. ಮಂಗಳೂರಿನಿಂದ ರೈಲು ಹತ್ತು, ಸ್ಟೇಷನ್ನಿನಲ್ಲಿ ಇಳಿದು ಪೇಟೆಯ ಕಡೆ ನಡೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ "ಹಲಸಿನ ಮರದ ಹತ್ತಿರದ ಮನೆ ಯಾವುದು" ಎಂದು ಕೇಳು. ಅವನಿಗೆ ಈಗ ಹೇಳಿಕೊಟ್ಟಿದ್ದೇನೆ.

ನಿನ್ನ
ಹಳೆ ಬೆಂಚಿನವ